ಅಂಗೈಯ ನೋಟ, ಹಾದಿಯ ನಡಿಗೆ

ಇಷ್ಟಲಿಂಗವನ್ನು ವಾಮಕರತಲದಲ್ಲಿ ಇರಿಸಿಕೊಂಡು ಅನಿಮಿಷದೃಷ್ಟಿಯಿಂದ ನಿರೀಕ್ಷಿಸುವುದು ವೀರಶೈವನ ನಿತ್ಯವಿಧಿ. ಈ ನೋಟಕ್ಕೆ ಹಿರಿಯರು ಆಸನವನ್ನು ನಿಯಮಿಸಿದರು. ಏಕಾಂತವನ್ನೂ ಹೊತ್ತನ್ನೂ ನಿಯಮಿಸಿದರು. ಪೂಜೆ ಮುಗಿದೊಡನೆ ಲಿಂಗವು ಎದೆಯ ಮೇಲಣ ಕರಡಿಗೆಯನ್ನು ಸೇರುತ್ತದೆ. ಕಣ್ಣು ಲೋಕವ್ಯವಹಾರಕ್ಕೆ ಮರಳುತ್ತದೆ. ಬೀದಿಯಲ್ಲಿ ನಡೆಯುತ್ತ ಲಿಂಗನಿರೀಕ್ಷಣೆ ಮಾಡಿದ ಭಕ್ತರನ್ನು ನಾವು ಇದುವರೆಗೆ ಕಂಡಿಲ್ಲ.

ಕಳೆದ ತಿಂಗಳು ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ನಮ್ಮ ವಾಹನವು ಜನಸಂದಣಿಯ ನಡುವೆ ಬಹಳ ಹೊತ್ತು ನಿಲ್ಲಬೇಕಾಯಿತು. ಬಾಗಿದ ಕೊರಳು, ಅಂಗೈಯಲ್ಲಿ ಮೊಬೈಲು, ಅದರಲ್ಲೇ ನೆಟ್ಟ ದೃಷ್ಟಿ. ಊರಿಗೆ ಊರೇ ಪೂಜೆಯಲ್ಲಿ ತೊಡಗಿದಂತೆ ತೋರುತ್ತಿತ್ತು; ಆದರೆ ಕುಳಿತವರು ಒಬ್ಬರೂ ಇರಲಿಲ್ಲ. ಬಸ್ಸುಗಳ ನಡುವೆ, ಆಟೋಗಳ ಮುಂದೆ ನಡೆಯುತ್ತಲೇ ಇದ್ದರು. ಇದನ್ನು ಕೇವಲ ಯುವಜನರ ದೋಷವೆಂದು ಹಳಿಯುವುದು ಸಲ್ಲದು. ತಲೆನರೆತವರೂ ಅವರಲ್ಲಿದ್ದರು. ಕಾಲುದಾರಿಯ ಚಪ್ಪಡಿಗಳು ಕಿತ್ತುಹೋಗಿ, ಉಳಿದೆಡೆ ಸ್ಕೂಟರುಗಳು ನಿಂತಿರುವಾಗ, ಎಚ್ಚರವಿದ್ದವನಿಗೂ ಅಲ್ಲಿ ನಡೆಯುವುದು ಸಾಹಸವೇ ಸರಿ.

ಕಣ್ಣು ತೆರೆದಿದ್ದ ಮಾತ್ರಕ್ಕೆ ಎದುರಿನ ವಸ್ತು ಕಾಣುವುದಿಲ್ಲ. ಇಂದ್ರಿಯದೊಡನೆ ಮನಸ್ಸು ಕೂಡಬೇಕು. ಮನಸ್ಸು ಅಣುಪರಿಮಾಣದ್ದು, ಆದ್ದರಿಂದ ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟಲಾರವು ಎಂಬುದು ನೈಯಾಯಿಕರ ಮತ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದ್ದೆವು. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಐರಾ ಹೈಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ವಿನೋದದ ನಿದರ್ಶನವನ್ನು ಒದಗಿಸಿದೆ. ವಿದ್ಯಾರ್ಥಿಗಳು ಹಾದುಹೋಗುವ ಚೌಕದಲ್ಲಿ ಬಣ್ಣದ ಉಡುಪಿನ ವಿದೂಷಕನೊಬ್ಬನನ್ನು ಒಂಟಿಚಕ್ರದ ಸೈಕಲ್ಲಿನ ಮೇಲೆ ತಿರುಗಾಡಿಸಿದರು. ಫೋನಿನಲ್ಲಿ ಮಾತನಾಡುತ್ತ ಹೋದವರನ್ನು ಆಮೇಲೆ ಕೇಳಿದಾಗ, ನಾಲ್ವರಲ್ಲಿ ಒಬ್ಬರಷ್ಟೇ ಅವನನ್ನು ಕಂಡೆವೆಂದರು. ಅವರ ಕಣ್ಣುಗಳು ಫೋನಿನ ಮೇಲೆ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕಿವಿ ಮಾತ್ರ ಅಲ್ಲಿತ್ತು. ಅದರ ಹಿಂದೆಯೇ ಮನಸ್ಸೂ ಹೋಗಿತ್ತು.

ಫೋನ್ ನೋಡುತ್ತ ರಸ್ತೆ ದಾಟುವವರಿಗೆ ಹೊನೊಲುಲು ನಗರದಲ್ಲಿ 2017ರಿಂದ ದಂಡವುಂಟು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 2016ರಲ್ಲಿ ಟ್ರಾಮ್ ನಿಲ್ದಾಣಗಳ ಬಳಿ ನೆಲದಲ್ಲೇ ಕೆಂಪು ದೀಪಗಳನ್ನು ಹುದುಗಿಸಿದರು. ತಲೆಯೆತ್ತದವನ ಪಾದದ ಬಳಿಗೇ ದೀಪವನ್ನು ಒಯ್ಯುವ ಈ ಉಪಾಯದಲ್ಲಿ ಕರುಣೆಯಿದೆ, ಸೋಲೊಪ್ಪಿದ ಭಾವವೂ ಇದೆ.

ನಮ್ಮ ಮಠದ ಪ್ರಸಾದನಿಲಯದಲ್ಲಿ ಓದಿದ ತರುಣನೊಬ್ಬ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಹಳ್ಳಿಯಲ್ಲಿ ಒಬ್ಬಂಟಿಯಾಗಿರುವ ತಾಯಿ ಪ್ರತಿದಿನ ಸಂಜೆ, ಅವನು ಕೆಲಸ ಬಿಡುವ ಹೊತ್ತು ನೋಡಿಕೊಂಡು ಕರೆ ಮಾಡುತ್ತಿದ್ದರು. ತೆಗೆಯದಿದ್ದರೆ ಗಾಬರಿಯಾಗುತ್ತಾರೆಂದು ಅವನು ನಡೆಯುತ್ತಲೇ ಮಾತನಾಡುತ್ತಿದ್ದ. ಒಂದು ಸಂಜೆ ರಸ್ತೆ ದಾಟುವಾಗ, ಸದ್ದಿಲ್ಲದೆ ಬಂದ ವಿದ್ಯುತ್ ಸ್ಕೂಟರೊಂದು ಅವನನ್ನು ಕೆಡವಿತು. ಬಿದ್ದ ಸದ್ದು ತಾಯಿಗೆ ಕೇಳಿಸಿತು. ಅನಂತರ ಫೋನು ಮೂಕವಾಯಿತು. ಆಸ್ಪತ್ರೆಯಿಂದ ಸಹೋದ್ಯೋಗಿಯೊಬ್ಬ ಸುದ್ದಿ ತಿಳಿಸುವವರೆಗಿನ ಎರಡು ಗಂಟೆಗಳ ಕಾಲ ಆ ತಾಯಿ ದೇವರ ಜಗುಲಿಯ ಮುಂದಿನಿಂದ ಕದಲಲಿಲ್ಲವಂತೆ.

ಮುರಿದ ಕಾಲು ಕೂಡಿದ ಮೇಲೆ ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು. "ಬುದ್ಧಿ, ಆವತ್ತು ನಾನು ಫೋನು ಮಾಡದೇ ಇದ್ದಿದ್ರೆ ಏನೂ ಆಗ್ತಿರಲಿಲ್ಲ" ಎಂದು ಕಣ್ಣೀರಿಟ್ಟರು. ಮಗನನ್ನು ವಿಚಾರಿಸಿಕೊಳ್ಳುವುದು ತಪ್ಪಲ್ಲವೆಂದು ಹೇಳಿದೆವು. ಅವರ ಮನಸ್ಸಿಗೆ ಅದು ಎಷ್ಟು ತಟ್ಟಿತೋ ನಾವು ಅರಿಯೆವು. ಈಗ ಕರೆ ಮಾಡಿದಾಗ ಅವರ ಮೊದಲ ಮಾತು, "ಎಲ್ಲಿದ್ದೀಯಪ್ಪ?" ಎಂದು. ರಸ್ತೆಯಲ್ಲಿದ್ದೇನೆಂದರೆ ಮರುಮಾತಿಲ್ಲದೆ ಫೋನು ಇಟ್ಟುಬಿಡುತ್ತಾರೆ. ಅವನು ಕೋಣೆ ಸೇರಿ, ಕೈಕಾಲು ತೊಳೆದು, ಕುಳಿತ ಮೇಲೆ ತಾನೇ ಕರೆ ಮಾಡುತ್ತಾನೆ.