ಅಂತರ್ಜಾಲದ ಅಂಗಡಿಯಲ್ಲಿ ಹತ್ತು ತಿಂಗಳು

ನಿವೃತ್ತನಾದವನು ಗಂಟಿನ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಎಣಿಸುತ್ತ ಕೂಡಬೇಕೆಂಬುದು ಲೋಕಾರೂಢಿ. 2018ರಲ್ಲಿ ಅಧ್ಯಾಪನದಿಂದ ನಿವೃತ್ತನಾದ ನಾನು ಹಾಗೆ ಮಾಡಲಿಲ್ಲ. ನನ್ನ ಅಕ್ಕನ ಮಗ ಬೆಂಗಳೂರಿನ ಉದ್ಯೋಗವನ್ನು ತ್ಯಜಿಸಿ ಧಾರವಾಡಕ್ಕೆ ಬಂದಿದ್ದ. ಹಳೆಯ ಕನ್ನಡ ಪುಸ್ತಕಗಳನ್ನು ಅಂತರ್ಜಾಲದ ಮೂಲಕ ಮಾರುವುದೆಂದು ಇಬ್ಬರೂ ಸಂಕಲ್ಪಿಸಿದೆವು. 4 ಲಕ್ಷ ರೂಪಾಯಿ ಬಂಡವಾಳ ನನ್ನದು, ದುಡಿಮೆ ಅವನದು. ಸಹಾಯಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಬಳಕ್ಕೆ ಬಂದ. ಮಾವ ಅಳಿಯಂದಿರ ನಡುವೆ ಕಾಗದಪತ್ರವೇಕೆಂದು ಏನನ್ನೂ ಬರೆದಿಡಲಿಲ್ಲ.

ಹುಡುಗನ ಬಾಯಲ್ಲಿ ಸದಾ ಫ್ಲಿಪ್‌ಕಾರ್ಟಿನ ಮಾತು. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಪುಸ್ತಕ ಮಾರಾಟದಿಂದಲೇ ಆರಂಭಿಸಿದ ಸಂಸ್ಥೆಯದು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅದರ ಸುಮಾರು ಶೇಕಡಾ 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಕಣ್ಣಿಗೆ ಬಿದ್ದದ್ದು ಆ 1,600 ಕೋಟಿ ಮಾತ್ರ. ಮೊದಲ ಗ್ರಾಹಕ ಬಯಸಿದ ಒಂದು ಪುಸ್ತಕಕ್ಕಾಗಿ ಅವರು ಬೆಂಗಳೂರಿನ ಅಂಗಡಿಗಳನ್ನು ಅಲೆದರೆಂಬ ಸಂಗತಿ ಬೀಳಲಿಲ್ಲ.

ಬಾಗಿಲು ತೆರೆಯುವ ಮೊದಲೇ ಎಂಟು ತಿಂಗಳು ಕಳೆದವು. ಇದರಲ್ಲಿ ದೋಷ ನನ್ನದೇ. ಮಠದ ಪಾಠಶಾಲೆಯಲ್ಲಿ ತಾಳೆಗರಿಗಳ ಪಾಠಾಂತರಗಳನ್ನು ಗುರುತಿಸುತ್ತ ಬೆಳೆದವನಾದ್ದರಿಂದ ಒಂದು ಕೊಂಬು ತಪ್ಪಿದರೂ ಸಹಿಸಲಾರೆ. 3,200 ಪುಸ್ತಕಗಳ ಕರ್ತೃ, ಪ್ರಕಾಶನ, ಮುದ್ರಣದ ವರ್ಷ ಎಲ್ಲವೂ ನನ್ನ ಕಣ್ಣಿನಡಿಯಲ್ಲಿಯೇ ಸಿದ್ಧವಾಗಬೇಕೆಂದು ಹಟ ಹಿಡಿದೆ. ಹುಡುಗ ಎರಡು ಸಲ ಅವಸರಿಸಿದ, ಮೂರನೆಯ ಸಲ ಸುಮ್ಮನಾದ. 2019ರ ಯುಗಾದಿಗೆ ಬಾಗಿಲು ತೆರೆಯಿತು. ಮೊದಲ ತಿಂಗಳು ಒಂಬತ್ತು ಬೇಡಿಕೆಗಳು ಬಂದವು, ಅವುಗಳಲ್ಲಿ ಐದು ಬಂಧುಗಳವು.

ಕಾರಣವನ್ನು ಶೋಧಿಸಿದಾಗ ಮೊದಲು ಕಂಡದ್ದು ಅಕ್ಷರದ ತೊಡಕು. ಅರ್ಧ ಪಟ್ಟಿಯನ್ನು ಹಳೆಯ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ್ದೆವು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿರುತ್ತಾರೆ. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲು. ಹುಡುಕಿದವನಿಗೆ ಪುಸ್ತಕ ಸಿಗುವುದೆಂತು? ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಕೊಡುವ ಯೂನಿಕೋಡಿಗೆ ಎಲ್ಲವನ್ನೂ ಪರಿವರ್ತಿಸಿದೆವು. ಆದರೂ ಫಲವಿಲ್ಲ. ಆಗ ಹುಡುಗನು ಓದುಗರು ಹುಡುಕಾಟದಲ್ಲಿ ಒತ್ತಿದ ಪದಗಳ ಯಾದಿಯನ್ನು ತೆಗೆದು ತೋರಿಸಿದ. ಬಹುಪಾಲು ಜನ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಕಾರಂತರ ‘ಮೂಕಜ್ಜಿಯ ಕನಸುಗಳು’ ಒಂದನ್ನೇ ಕೆಲವರು ಎರಡು ‘ಓ’ ಹಾಕಿ, ಕೆಲವರು ಒಂದು ‘ಯು’ ಹಾಕಿ ಹುಡುಕಿದ್ದರು. ಇದೂ ಪಾಠಾಂತರವೇ ಅಲ್ಲವೆ! ಲಿಪಿಕಾರರ ತಪ್ಪುಗಳನ್ನು ಭಕ್ತಿಯಿಂದ ಸಂಗ್ರಹಿಸಿದ ನಾನು ಓದುಗರ ತಪ್ಪುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಂದಿನಿಂದ ಪ್ರತಿ ಹೆಸರಿಗೂ ನಾಲ್ಕೈದು ರೂಪಗಳನ್ನು ಸೇರಿಸಿದೆವು. ಆ ಕೆಲಸ, ಸತ್ಯವಾಗಿ ಹೇಳುವುದಾದರೆ, ನನಗೆ ಬಹಳ ಹಿಡಿಸಿತು.

ಒಂದು ದಿನ ನಿವೃತ್ತ ಶಿಕ್ಷಕಿಯೊಬ್ಬರು ದೂರವಾಣಿ ಮಾಡಿ, “ಈ ಪುಸ್ತಕ ನಿಮ್ಮ ಕೈಯಲ್ಲಿದೆಯೋ, ಬರೇ ಪಟ್ಟಿಯಲ್ಲಿದೆಯೋ?” ಎಂದು ಕೇಳಿದರು. ನಾನು ನಿರುತ್ತರನಾದೆ. 3,200ರಲ್ಲಿ ನಮ್ಮ ಕಪಾಟಿನಲ್ಲಿದ್ದವು ಸುಮಾರು 400 ಮಾತ್ರ. ಉಳಿದವು ಬೇರೆ ಬೇರೆ ಅಂಗಡಿಗಳವು, ಅವು ಅಲ್ಲಿಯೇ ಮಾರಾಟವಾಗಿಹೋದರೆ ನಮಗೆ ತಿಳಿಯುತ್ತಿರಲಿಲ್ಲ. ಆ 400ರ ಪಟ್ಟಿಯನ್ನು ಹಿಡಿದು ಮೊದಲ ತಿಂಗಳಲ್ಲಿಯೇ ಬಾಗಿಲು ತೆರೆದಿದ್ದರೆ ಈ ಪ್ರಶ್ನೆಯೂ ಮೊದಲ ತಿಂಗಳಲ್ಲಿಯೇ ಬರುತ್ತಿತ್ತು, ಏಳು ತಿಂಗಳ ಖರ್ಚು ಉಳಿಯುತ್ತಿತ್ತು.

ಬಳಿಕ ಪ್ರತಿಯೊಬ್ಬ ಗ್ರಾಹಕರೊಡನೆ ನಾನೇ ಮಾತನಾಡತೊಡಗಿದೆ. ದೀಪಾವಳಿಯ ಹೊತ್ತಿಗೆ ಬೇಡಿಕೆಗಳು ತಿಂಗಳಿಗೆ 60ಕ್ಕೆ ಏರಿದವು. ಆದರೆ ಅಂಚೆವೆಚ್ಚ ಕಳೆದು ಪುಸ್ತಕವೊಂದಕ್ಕೆ ಉಳಿಯುತ್ತಿದ್ದುದು 40 ರೂಪಾಯಿ. ಸಹಾಯಕನ ಸಂಬಳ 10,000. ಈ ಗಣಿತಕ್ಕೆ ಕಂಪ್ಯೂಟರು ಬೇಡ. 2020ರ ಜನವರಿಯಲ್ಲಿ ಅಂಗಡಿ ಮುಚ್ಚಿತು.

ನಷ್ಟ 3 ಲಕ್ಷ. ಲೆಕ್ಕ ಪರಿಶೋಧಕರು ಒಂದು ಮಾತು ತಿಳಿಸಿದರು: 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಅರ್ಥಾತ್, ಒಂದೂವರೆ ವರ್ಷ ಬಿಡಿಗಾಸು ಪಡೆಯದೆ ದುಡಿದ ಹುಡುಗನು 1 ಲಕ್ಷ 50 ಸಾವಿರ ತೆರಬೇಕು! ಈ ಮಾತು ಅಕ್ಕನ ಕಿವಿಗೆ ಹೇಗೆ ಮುಟ್ಟಿತೋ, ನಾನೇ ಹಣ ಕೇಳಿದೆನೆಂದು ಆಕೆ ಬಗೆದಳು. ಆರು ತಿಂಗಳು ನನ್ನೊಡನೆ ಮಾತಿಲ್ಲ. ಮೊದಲ ದಿನವೇ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಇಬ್ಬರೂ ರುಜು ಹಾಕಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಹುಡುಗ ತನ್ನ ಮೋಟರ್ ಸೈಕಲನ್ನು ಮಾರಿ ಚೆಕ್ ಹಿಡಿದು ಬಂದಾಗ ಅದನ್ನು ಅವನ ಜೇಬಿಗೇ ಮರಳಿಸಿ, ಎಂಟು ತಿಂಗಳ ವಿಳಂಬ ನನ್ನದೆಂದು ಅವನೆದುರು ಒಪ್ಪಿಕೊಂಡೆ. ಅವನು ಬೆಂಗಳೂರಿಗೆ ಹಿಂದಿರುಗಿದ. ಈಗ ಅಕ್ಕನ ಮನೆಗೆ ಹಬ್ಬಕ್ಕೆ ಹೋಗುತ್ತೇನೆ.

ಮಾರಾಟವಾಗದ ಪುಸ್ತಕಗಳು ಇನ್ನೂ ನನ್ನ ಕೋಣೆಯಲ್ಲಿವೆ. ಮೊನ್ನೆ ಆ ಶಿಕ್ಷಕಿಯವರು ಮತ್ತೆ ಫೋನು ಮಾಡಿ ಒಂದು ಪುಸ್ತಕ ಕೇಳಿದರು. ಎದ್ದು ಹೋಗಿ ಕಪಾಟಿನಿಂದ ಅದನ್ನು ಕೈಗೆ ತೆಗೆದುಕೊಂಡ ಮೇಲೆಯೇ “ಇದೆ” ಎಂದೆ.