ದೋಣಿಯ ಹಲಗೆ

ನದಿಯಲ್ಲಿ ತಿರುಗುವ ಯಂತ್ರದೋಣಿಗೆ ಮುಪ್ಪು ಬರುವ ಕ್ರಮವು ವಿಚಿತ್ರವಾದುದು. ಸದಾ ನೀರಿನಲ್ಲಿಯೇ ಇರುವ ಅದರ ಫೈಬರಿನ ಒಡಲು ಹಲವು ದಶಕ ಬಾಳಬಲ್ಲುದು. ಯಂತ್ರವನ್ನು ಬಿಚ್ಚಿ ಕಟ್ಟಿ ನಡೆಯಿಸಬಹುದು. ಆದರೆ ಚುಕ್ಕಾಣಿಯ ಚಕ್ರದ ಮುಂದೆ ಮೀಟರುಗಳನ್ನೂ ಸ್ವಿಚ್ಚುಗಳನ್ನೂ ಧರಿಸಿಕೊಂಡಿರುವ ಪ್ಲಾಸ್ಟಿಕ್ಕಿನ ಹಲಗೆಯುಂಟಷ್ಟೆ, ಅದು ಎಲ್ಲಕ್ಕಿಂತ ಮೊದಲು ಹಣ್ಣಾಗುತ್ತದೆ. ದೋಣಿಯವರು ಅದನ್ನು ಡ್ಯಾಶ್‌ಬೋರ್ಡು ಎನ್ನುವರು. ಫಲಕದ ತದ್ಭವವೇ ಹಲಗೆಯೆಂದು ಬಹುಕಾಲ ಮಕ್ಕಳಿಗೆ ಹೇಳಿಕೊಟ್ಟ ನಾವು ಇಲ್ಲಿ ಅದನ್ನು ಹಲಗೆಯೆಂದೇ ಕರೆಯುವೆವು.

ನಮ್ಮ ತಮ್ಮನು ಹೊನ್ನಾವರದ ಬಳಿ ಶರಾವತಿಯಲ್ಲಿ ಪ್ರವಾಸಿಗಳಿಗೆ ಕಾಂಡ್ಲಾ ವನಗಳನ್ನು ತೋರಿಸುತ್ತ, ಒಂದು ಹಳೆಯ ದೋಣಿಯಿಂದ ಸಂಸಾರ ಸಾಗಿಸುತ್ತಿದ್ದನು. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಅವನ ಮಗನು ಅದೇ ದೋಣಿಯನ್ನು ನಡೆಯಿಸುತ್ತಾನೆ. ಕಳೆದ ಬೇಸಗೆಯಲ್ಲಿ ಒಂದು ದಿನ, ಯಂತ್ರವನ್ನು ತಣಿಸುವ ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿ, ಯಂತ್ರವು ಕಾದು ನಡುಹೊಳೆಯಲ್ಲಿ ನಿಂತಿತು. ಇಳಿತದ ಹೊತ್ತು, ನೀರೆಲ್ಲವೂ ಅಳಿವೆಯ ಕಡೆಗೆ ಸೆಳೆಯುತ್ತಿತ್ತು, ದೋಣಿಯಲ್ಲಿ ಇಬ್ಬರು ಎಳೆಯ ಮಕ್ಕಳಿದ್ದರು. ಬೇರೊಂದು ದೋಣಿಯವರು ಹಗ್ಗವೆಸೆದು ದಡಕ್ಕೆ ಎಳೆದುತಂದರು. ಶಾಖವನ್ನು ತೋರಿಸುವ ಮೀಟರಿನ ಮುಳ್ಳು ಮೊದಲೇ ಏರಿದ್ದಿರಬೇಕು. ಆದರೆ ಹಲಗೆ ಬಿರಿದು ಮೀಟರು ಒಳಕ್ಕೆ ವಾಲಿತ್ತು, ಅದರ ಮುಖವೂ ಮಬ್ಬಾಗಿತ್ತು. ಹುಡುಗನಿಗೆ ಅದು ಕಾಣಲೇ ಇಲ್ಲ. ಹಲಗೆಯನ್ನು ಅಲಂಕಾರವೆಂದು ತಿಳಿದವರಿಗೆ ನಾವು ಈ ಸಂಗತಿಯನ್ನೇ ಹೇಳುವುದುಂಟು.

ಆಶ್ವಯುಜದಲ್ಲಿ ಮಳೆ ಹಿಂದೆಗೆದೊಡನೆ ಹುಡುಗನು ಬಂದು, "ದೊಡ್ಡಪ್ಪಾ, ಎಲ್ಲವನ್ನೂ ಕಿತ್ತೆಸೆದು ಫಳಫಳ ಹೊಳೆಯುವ ಹೊಸದೊಂದನ್ನು ಹಾಕಿಸಿಬಿಡುತ್ತೇನೆ" ಎಂದನು. ದೇವಾಲಯಗಳ ವಿಷಯದಲ್ಲಿ ಜೀರ್ಣೋದ್ಧಾರವೆಂಬ ಮಾತನ್ನು ಎಲ್ಲರೂ ಬಲ್ಲರು. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೆಂದು ಅದರ ಅರ್ಥ. ಆದರೆ ಎತ್ತಿದರೆ ನಿಲ್ಲುವಷ್ಟು ಸತ್ತ್ವ ಅದರಲ್ಲಿ ಉಳಿದಿದೆಯೇ ಎಂದು ಮೊದಲು ನೋಡಬೇಕಷ್ಟೆ.

ಇಂತಹ ಹಲಗೆಗಳಲ್ಲಿ ಅನೇಕವು ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನವು. ಅದು ಮೂರು ದ್ರವ್ಯಗಳ ಕೂಟ. ಅವುಗಳಲ್ಲಿ ಬ್ಯೂಟಡೈಯೀನ್ ಎಂಬುದು ರಬ್ಬರಿನ ಗುಣವುಳ್ಳದ್ದು, ಪೆಟ್ಟು ತಾಳುವ ಶಕ್ತಿಯನ್ನು ಕೊಡತಕ್ಕದ್ದು. ಬಿಸಿಲಿನ ನೇರಳಾತೀತ ಕಿರಣಗಳಿಗೆ ಮೊದಲು ಬಲಿಯಾಗುವುದೂ ಅದೇ. ಮೇಲ್ಮೈ ಹಳದಿಗಟ್ಟಿ, ಸುಣ್ಣ ಬಳಿದಂತೆ ಪುಡಿಯೇಳುತ್ತದೆ, ಬಳಿಕ ಬಿರಿಯುತ್ತದೆ. ಪುಡಿಯು ಮೇಲಷ್ಟೇ ಇದ್ದು, ಬೆರಳಿನಿಂದ ಅದುಮಿದಾಗ ಹಲಗೆ ತುಸು ಬಾಗಿ ಮರಳಿ ನಿಲ್ಲುವುದಾದರೆ ಉಳಿಸಬಹುದು. ಟಕ್ಕೆಂದು ಸದ್ದಾದರೆ ಆಸೆ ಬಿಡತಕ್ಕದ್ದು.

ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಕಳಚಿಸಿ, ದೊಡ್ಡ ಹಲಗೆಯನ್ನು ಬಿಚ್ಚಿಸಿದೆವು. ಹಿಂದಿನ ತಂತಿಗಳೆಲ್ಲ ಮಾಸಿ ಒಂದೇ ಬಣ್ಣವಾಗಿದ್ದವು, ಹುಡುಗನು ಗಾಬರಿಗೊಂಡನು. ಹಲಗೆಯನ್ನು ತಿರುಗಿಸಿದರೆ, ಬಿಸಿಲು ಕಾಣದ ಬೆನ್ನಿನ ಮೇಲೆ ಒಂದೊಂದು ಮೀಟರಿನ ಪಕ್ಕದಲ್ಲಿಯೂ ಬಿಳಿಯ ಬಣ್ಣದಲ್ಲಿ ನಮ್ಮ ತಮ್ಮನ ಕೈಬರಹ: ಎಣ್ಣೆ, ಶಾಖ, ದೀಪ, ಪಂಪು. ಶಕಾರವನ್ನು ಅವನು ಬಾಲ್ಯದಿಂದಲೂ ವಕ್ರವಾಗಿಯೇ ಬರೆಯುತ್ತಿದ್ದನು. ನಾವು ಎಷ್ಟು ತಿದ್ದಿಸಿದರೂ ತಿದ್ದಿಕೊಳ್ಳಲಿಲ್ಲ. ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಚೀಟಿಗಳನ್ನು ಕತ್ತರಿಸಿಕೊಂಡು, ಆ ಬರಹವನ್ನು ನೋಡಿ ನೋಡಿ, ಬಿಡಿಸುವ ಮೊದಲೇ ಒಂದೊಂದು ತಂತಿಗೂ ಹೆಸರು ಕಟ್ಟಿದನು.

ಪಕ್ಕದ ಸ್ವಿಚ್ಚುಗಳ ಸಣ್ಣ ಹಲಗೆ ಉಳಿಯುವಂತಿತ್ತು. ಅದನ್ನು ಸಾಬೂನು ನೀರಿನಿಂದ ತೊಳೆದು, ಬಿರುಕು ಮುಂದುವರಿಯದಂತೆ ಅದರ ಎರಡು ತುದಿಗಳಲ್ಲಿಯೂ 3 ಮಿಲಿಮೀಟರಿನ ತೂತು ಕೊರೆದು, ಬೆನ್ನಿಗೆ ಎಪಾಕ್ಸಿ ಅಂಟಿನಲ್ಲಿ ಫೈಬರ್ ಬಟ್ಟೆಯನ್ನು ಕೂರಿಸಿದೆವು. ಬಣ್ಣದವರು ವಾಟರ್ ಪೇಪರ್ ಎನ್ನುವ ಉಜ್ಜುಕಾಗದದಲ್ಲಿ 400ನೆಯ ನಂಬರಿನದನ್ನು ನೀರಿನಲ್ಲಿ ಅದ್ದಿ ಉಜ್ಜಿದ ಬಳಿಕ, ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರು, ಅದರ ಮೇಲೆ ಬಣ್ಣ. ಉಜ್ಜಿದುದನ್ನು ಒರೆಸಲು ಅಸಿಟೋನನ್ನು ಮಾತ್ರ ಮುಟ್ಟಬಾರದು, ಅದು ಎ.ಬಿ.ಎಸ್. ಅನ್ನೇ ಕರಗಿಸಿಬಿಡುತ್ತದೆ.

ದೊಡ್ಡ ಹಲಗೆ ಮೀಟರುಗಳ ಸುತ್ತ ಪುಡಿಪುಡಿಯಾಗಿತ್ತು. ಅದನ್ನೇ ಮಾದರಿಯಾಗಿಟ್ಟು, 6 ಮಿಲಿಮೀಟರ್ ದಪ್ಪದ ಕಪ್ಪು ಅಕ್ರಿಲಿಕ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿದೆವು. ಮೀಟರುಗಳ ತೂತು ಸಾಮಾನ್ಯವಾಗಿ ಸಣ್ಣದಕ್ಕೆ 52, ದೊಡ್ಡದಕ್ಕೆ 85 ಮಿಲಿಮೀಟರ್. ಆದರೂ ಅಳೆದೇ ಕೊರೆಯಬೇಕು. ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಾಳೆಯು 30 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಆದುದರಿಂದ ಸ್ಕ್ರೂವಿನ ತೂತನ್ನು ತುಸು ಅಗಲವಾಗಿ ಕೊರೆದು, ಬಲವಾಗಿ ಬಿಗಿಯದೆ ಬಿಡಬೇಕು. ಸ್ಕ್ರೂಗಳು ಉಪ್ಪುನೀರನ್ನು ತಡೆಯುವ 316ರ ಸ್ಟೇನ್‌ಲೆಸ್ ಉಕ್ಕಿನವಾದರೆ ಒಳ್ಳೆಯದು.

ಹೊಳಪಿನ ವಿಷಯದಲ್ಲಿ ನಮಗೂ ಹುಡುಗನಿಗೂ ಎರಡು ದಿನ ವಾದ ನಡೆಯಿತು. ಹೊಳೆಯುವ ಹಲಗೆಯು ಮಧ್ಯಾಹ್ನದ ಸೂರ್ಯನನ್ನು ನಡೆಯಿಸುವವನ ಕಣ್ಣಿಗೆ ಹೊಡೆಯುತ್ತದೆ. ಮತ್ತೆ ಮೀಟರು ಕಾಣದು. ಕಡೆಗೆ ಹೊಳಪಿಲ್ಲದ ಹಾಳೆಯನ್ನೇ ತರಿಸಿದನು. ದಿಕ್ಸೂಚಿಯ ಪಕ್ಕದಲ್ಲಿ ಹಾಡಿನ ಸ್ಪೀಕರನ್ನು ಕೂರಿಸುವ ಹವ್ಯಾಸವನ್ನೂ ಬಿಡಿಸಿದೆವು. ಅದರೊಳಗಿನ ಅಯಸ್ಕಾಂತವು ಉತ್ತರವನ್ನು ಎಲ್ಲಿಗೆ ಬೇಕಾದರೂ ಎಳೆದೀತು.

ಹಳೆಯ ಹಲಗೆಯನ್ನು ಗುಜರಿಗೆ ಹಾಕಲು ಹುಡುಗನ ತಾಯಿ ಒಪ್ಪಲಿಲ್ಲ. ಬರಹವಿರುವ ಕಡೆಯನ್ನು ಮುಂದಕ್ಕೆ ಮಾಡಿ ಪಡಸಾಲೆಯ ಗೋಡೆಗೆ ಒರಗಿಸಿಟ್ಟಿದ್ದಾಳೆ. ಹೊಸದಕ್ಕೆ ದಪ್ಪ ಬಟ್ಟೆಯ ಹೊದಿಕೆಯೊಂದನ್ನು ಅವಳೇ ಹೊಲಿದು, ಅಂಚಿಗೆ ಕಟ್ಟುವ ದಾರ ಸೇರಿಸಿಕೊಟ್ಟಳು. ಪ್ರವಾಸಿಗಳಿಲ್ಲದ ಹಗಲಿನಲ್ಲಿ ಅದನ್ನು ಹೊದಿಸಿಯೇ ದೋಣಿಯಿಂದ ಇಳಿಯಬೇಕೆಂದು ಆಜ್ಞೆ. ಇದುವರೆಗೆ ಹೊದಿಸುತ್ತಿದ್ದಾನೆ.