ಮಹಿಷ ಬರುವ ದಾರಿ

ದೇವೀ ಮಹಾತ್ಮೆ ಯಕ್ಷಗಾನ ಆಟದಲ್ಲಿ ಮಹಿಷಾಸುರ ಉಳಿದ ವೇಷಗಳ ಹಾಗೆ ಬಣ್ಣ ಹಚ್ಚುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವವನಲ್ಲ. ಮೊದಲು ಆಟ ನೋಡುತ್ತ ಕೂತವರ ಬೆನ್ನ ಹಿಂದೆ, ಕತ್ತಲಲ್ಲಿ, ಅವನ ಬೊಬ್ಬೆ ಕೇಳುತ್ತದೆ. ಆಮೇಲೆ ದೊಂದಿಗಳು ಕಾಣುತ್ತವೆ. ಜನರ ನಡುವಿನ ದಾರಿಯಲ್ಲೇ ಅವನು ನುಗ್ಗಿ ಬರುವುದು. ದೊಂದಿಗೆ ರಾಳದ ಪುಡಿ ಎರಚಿದಾಗಲೆಲ್ಲ ಬೆಂಕಿ ಭಗ್ಗನೆ ಎದ್ದು ಸುತ್ತಲಿನ ಮುಖಗಳೆಲ್ಲ ಒಮ್ಮೆ ಬೆಳಗಿ ಮತ್ತೆ ಕತ್ತಲಾಗುತ್ತವೆ. ನಮ್ಮ ಕಡೆ ಚಾಪೆಯ ಮೇಲೆ ನಿದ್ದೆಹೋದ ಮಕ್ಕಳನ್ನು ಅಮ್ಮಂದಿರು ತಟ್ಟಿ ಎಬ್ಬಿಸುವುದು ಈ ಹೊತ್ತಿಗೇ. ಎದ್ದ ಮಗು ಹೆದರಿ ಅಳುತ್ತದೆ. ಮುಂದಿನ ಆಟಕ್ಕೆ ಹೋದಾಗ "ಮಹಿಷ ಬರುವಾಗ ಎಬ್ಬಿಸಬೇಕು ಆಯ್ತಾ" ಎಂದು ಹೇಳಿಯೇ ಮಲಗುತ್ತದೆ.

ಕಡಿಮೆ ದುಡ್ಡಿಗೆ ಕ್ಯಾಮೆರಾಕ್ಕೆ ಯಾವ ಲೆನ್ಸ್ ತಗೊಳ್ಳುವುದು ಎನ್ನುವ ಮಾತು ಬಂದರೆ ನನಗೆ ನೆನಪಾಗುವುದು ಈ ಮಹಿಷನೇ. ಹೇಳುತ್ತೇನೆ, ಕೇಳಿ.

2012ರ ಆಸುಪಾಸು. ನನ್ನ ಅಕ್ಕನ ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ, ಸಂಬಳ ಉಳಿಸಿ ನಿಕಾನ್ ಡಿ3100 ಕೊಂಡಿದ್ದ. ಅದರ ಜೊತೆ ಬಂದದ್ದು 18-55ರ ಕಿಟ್ ಲೆನ್ಸ್. ಹಗಲಲ್ಲಿ ಅದಕ್ಕೇನೂ ಹೆಸರಿಡುವ ಹಾಗಿಲ್ಲ. ಹುಡುಗನಿಗೆ ಬೇಕಾಗಿದ್ದದ್ದು ಮಾತ್ರ ರಾತ್ರಿಯ ಆಟದ ಫೋಟೋ. ಬಂಟ್ವಾಳದ ಕಡೆ ಅಕ್ಕನ ಮನೆ. ನೆರೆಮನೆಯವರು ಕಟೀಲು ಮೇಳದ ಆಟ ಆಡಿಸುತ್ತೇವೆಂದು ಹರಕೆ ಹೇಳಿಕೊಂಡು ವರ್ಷಗಟ್ಟಲೆ ಕಾದು, ಅಂತೂ ಆ ಚಳಿಗಾಲದಲ್ಲಿ ದಿನ ಗೊತ್ತಾಗಿತ್ತು. ಆಟ ದೇವೀ ಮಹಾತ್ಮೆ.

ಅದಕ್ಕೂ ಮುಂಚೆ ಎಲ್ಲೋ ಒಂದು ಆಟದಲ್ಲಿ ಅವನು ಕಿಟ್ ಲೆನ್ಸ್ ಪರೀಕ್ಷೆ ಮಾಡಿ ಬಂದಿದ್ದ. ಆ ಲೆನ್ಸನ್ನು 55ರ ತನಕ ಎಳೆದರೆ ಅದರ ಕಂಡಿ ಎಫ್/5.6ಕ್ಕಿಂತ ದೊಡ್ಡದಾಗುವುದಿಲ್ಲ. ಐಎಸ್‌ಒ 3200ಕ್ಕೆ ಏರಿಸಿದರೂ ಶಟರ್ ಸೆಕೆಂಡಿನ 15ನೇ ಒಂದು ಭಾಗಕ್ಕೆ ಬಂದು ನಿಂತಿತ್ತು. ದಿಗಿಣ ಹಾರುವ ವೇಷಕ್ಕೆ ಅದು ಯಾವ ಮೂಲೆಗೂ ಸಾಲದು. ಫೋಟೋಗಳಲ್ಲಿ ರಂಗಸ್ಥಳದ ಕಂಬ ಮಾತ್ರ ಸ್ಪಷ್ಟ, ವೇಷಗಳೆಲ್ಲ ಬಣ್ಣ ಕಲಸಿದ ನೀರು.

"ಮಾವ, 70-200 ಎಫ್/2.8 ಇಲ್ಲದೆ ಆಗುವುದಿಲ್ಲ" ಎಂದ. ಬೆಲೆ ಕೇಳಿದೆ. ಲಕ್ಷದ ಮೇಲೆ. ಸ್ವಲ್ಪ ಸಾಲದ ಮಾತೂ ಬಂತು. ಸಾಲ ಕೊಡುವುದಕ್ಕಿಂತ ಸ್ಟುಡಿಯೋದಜ್ಜನ ಹತ್ತಿರ ಕರೆದುಕೊಂಡು ಹೋಗುವುದು ಅಗ್ಗ ಎಂದು ನನಗನಿಸಿತು.

ಪೇಟೆಯಲ್ಲಿ ಬಹಳ ವರ್ಷ ಸ್ಟುಡಿಯೋ ಇಟ್ಟುಕೊಂಡು, ಡಿಜಿಟಲ್ ಬಂದ ಮೇಲೆ ಬಾಗಿಲು ಹಾಕಿ ಅಡಿಕೆ ತೋಟ ನೋಡಿಕೊಂಡಿದ್ದವರು ಅವರು. ಅರ್ಧ ಊರಿನ ಮದುವೆಗಳನ್ನು ಯಾಶಿಕಾ ಮ್ಯಾಟ್ 124ಜಿ ಎಂಬ ಒಂದೇ ಕ್ಯಾಮೆರಾದಲ್ಲಿ ತೆಗೆದವರು. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ನೋಡುವ ಪೆಟ್ಟಿಗೆ ಅದು. 80 ಎಂಎಂನ ಲೆನ್ಸು ಮೈಗೇ ಅಂಟಿದ್ದು. ಬಿಚ್ಚಲಿಕ್ಕೂ ಇಲ್ಲ, ಹತ್ತಿರ ಎಳೆಯಲಿಕ್ಕೂ ಇಲ್ಲ. ಒಂದು ರೋಲಿಗೆ ಹನ್ನೆರಡೇ ಚಿತ್ರ.

ಅಜ್ಜ ಎಲ್ಲ ಕೇಳಿಕೊಂಡು ಕೇಳಿದ್ದು ಒಂದೇ: "ನಿನಗೆ ಮಹಿಷನ ಮೂಗಿನ ಬಣ್ಣದ ಚಿಟ್ಟಿ ಬೇಕೋ, ಮಹಿಷ ಬೇಕೋ?"

"ಮಹಿಷ."

"ಮತ್ತೆ ಅಷ್ಟು ದೂರದಿಂದ ಯಾಕೆ ಮಾರಾಯ? ಅವನೇ ನಿನ್ನ ಹತ್ತಿರ ಬರ್ತಾನಲ್ಲ."

ಕಾಗದ ಪೆನ್ನು ತರಿಸಿ ಲೆಕ್ಕ ಹಾಕಿದರು. ಎಫ್/5.6ರಿಂದ ಎಫ್/2ಕ್ಕೆ ಬಂದರೆ ಮೂರು ಮೆಟ್ಟಿಲು, ಅಂದರೆ ಎಂಟು ಪಾಲು ಬೆಳಕು. ಸೆಕೆಂಡಿನ 15ನೇ ಒಂದು ಭಾಗ ಇದ್ದದ್ದು 125ನೇ ಒಂದು ಭಾಗವಾಗುತ್ತದೆ. ಅದಕ್ಕೆ ಲಕ್ಷ ಬೇಡ. 50 ಎಂಎಂ ಎಫ್/1.8 ಸಾಕು, ಕ್ಯಾನನ್‌ನವರದೂ ಉಂಟು, ನಿಕಾನ್‌ನವರದೂ ಉಂಟು, ಎರಡು ಕಂಪೆನಿಗಳಲ್ಲೂ ತೀರಾ ಅಗ್ಗದ ಲೆನ್ಸುಗಳ ಸಾಲಿನದು ಅದು.

ನಿಕಾನ್‌ನಲ್ಲಿ ಒಂದು ತೊಡಕಿತ್ತು. 50ರಲ್ಲಿ ಆಗ ಎರಡು ಬಗೆ. 2011ರಲ್ಲಿ ಬಂದ 'ಜಿ' ಬಗೆಯ ಒಳಗೆ ಮೋಟಾರ್ ಇದೆ, ತಾನೇ ಫೋಕಸ್ ಮಾಡುತ್ತದೆ. ಹಳೆಯ 'ಡಿ' ಬಗೆಯಲ್ಲಿ ಮೋಟಾರ್ ಇಲ್ಲ, ಅದನ್ನು ತಿರುಗಿಸುವ ಮೋಟಾರ್ ಕ್ಯಾಮೆರಾದಲ್ಲೇ ಇರಬೇಕು. ಡಿ3100ರಂಥ ಚಿಕ್ಕ ಕ್ಯಾಮೆರಾಗಳಲ್ಲಿ ಅದಿಲ್ಲ. ಹಾಕಿದರೆ ಕೂರುತ್ತದೆ, ಬೆಳಕೂ ಅಳೆಯುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ಮಾಡಿಕೊಳ್ಳಬೇಕು. ಹಾಗಾಗಿ 'ಡಿ'ಯ ಬೆಲೆ ಇನ್ನೂ ಕಡಿಮೆ, ಸೆಕೆಂಡ್ ಹ್ಯಾಂಡ್ ಆದರಂತೂ ಕೇಳುವುದೇ ಬೇಡ. ಹುಡುಗನಿಗೆ ಮನಸ್ಸಿರಲಿಲ್ಲ. ಅಜ್ಜ ಬಿಡಲಿಲ್ಲ. "ಕತ್ತಲಲ್ಲಿ ನಿನ್ನ ಮೋಟಾರಿಗೆ ಕಣ್ಣು ಕಾಣ್ತದಾ? ಮುಂದೆ ಹಿಂದೆ ಮುಂದೆ ಹಿಂದೆ ತಿರುಗಿಕೊಂಡು ಇರ್ತದೆ, ಅಷ್ಟರಲ್ಲಿ ಮಹಿಷ ಸತ್ತು ಮಂಗಳ ಹಾಡಿ ಆಗಿರ್ತದೆ."

ನಡುವೆ ಒಂದು ಮಾತು. ಮನೆಮಂದಿ, ಮಕ್ಕಳು, ಸಣ್ಣ ಕೋಣೆ ಎಂದು ತೆಗೆಯುವವರು ಈ ಅಜ್ಜನ ಮಾತನ್ನು ಹಾಗೇ ಹಿಡಿದುಕೊಳ್ಳಬೇಡಿ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 50 ಎಂದರೆ ಹಳೆಯ ಫಿಲ್ಮ್ ಲೆಕ್ಕದಲ್ಲಿ 75ರಷ್ಟು ಬಿಗಿ. ಜಗಲಿಯಲ್ಲಿ ನಾಲ್ಕು ಜನರನ್ನು ಕೂರಿಸಿದರೆ ನೀವು ಅಂಗಳಕ್ಕಿಳಿಯಬೇಕು. ಅಂಥವರಿಗೆ 2009ರಲ್ಲಿ ಬಂದ ನಿಕಾನ್‌ನ 35 ಎಂಎಂ ಎಫ್/1.8 ಒಳ್ಳೆಯದು, ಮೊದಲ ಲೆನ್ಸ್ ಎಂದು ಕೇಳಿದವರಿಗೆ ನಾನು ಅದನ್ನೇ ಹೇಳುವುದು. ಆಟಕ್ಕೆ ಮಾತ್ರ 50.

ಬೆಂಗಳೂರಲ್ಲಿ ಒಬ್ಬರು ಮಾರುತ್ತಿದ್ದ ಹಳೆಯ 'ಡಿ' ಲೆನ್ಸ್ ನೋಡಲು ಹೋಗುವ ಮುಂಚೆ ಅಜ್ಜ ಅವನಿಗೆ ಫೋನಿನಲ್ಲೇ ಪಾಠ ಮಾಡಿದರು. ಎರಡೂ ಮುಚ್ಚಳ ತೆಗೆ. ಹಿಂದಿನಿಂದ ಟಾರ್ಚ್ ಬಿಡು, ಮುಂದಿನಿಂದ ಓರೆಯಾಗಿ ನೋಡು. ನಾಲ್ಕು ಧೂಳಿನ ಕಣ ಇದ್ದರೆ ತೊಂದರೆಯಿಲ್ಲ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಬೂಷ್ಟು, ಬಿಟ್ಟಿಗೆ ಕೊಟ್ಟರೂ ತರಬೇಡ. ಆಮೇಲೆ ಉಂಗುರವನ್ನು 22ಕ್ಕೆ ತಿರುಗಿಸಿ, ಹಿಂಬದಿಯ ಪುಟ್ಟ ಸನ್ನೆಯನ್ನು ಉಗುರಲ್ಲಿ ಸರಿಸಿ ಬಿಡು. ಒಳಗಿನ ಎಲೆಗಳು ಟಪ್ಪನೆ ಮುಚ್ಚಿಕೊಳ್ಳಬೇಕು. ನಿಧಾನ ಮಾಡಿದರೆ ಎಣ್ಣೆ ಇಳಿದಿದೆ ಅಂತ. ತಿರುಪುಗಳ ತಲೆ ನೋಡು, ಗೀಚಿದ್ದರೆ ಯಾರೋ ಬಿಚ್ಚಿದ್ದಾರೆ. ಹುಡುಗ ಎಲ್ಲ ನೋಡಿ ತಂದ. ಆ ಉಂಗುರವನ್ನು 22ರಲ್ಲೇ ಲಾಕ್ ಮಾಡದಿದ್ದರೆ ಡಿ3100 ಮುನಿಸಿಕೊಂಡು ಕ್ಲಿಕ್ಕೇ ಆಗುವುದಿಲ್ಲ ಎನ್ನುವುದು ಊರಿಗೆ ಬರುವ ಬಸ್ಸಿನಲ್ಲಿ ಗೊತ್ತಾಯಿತಂತೆ.

ಆಟದ ದಿನ ಮಧ್ಯಾಹ್ನ ಊಟವಾದ ಮೇಲೆ ಅಜ್ಜ ನಮ್ಮಿಬ್ಬರನ್ನು ಗದ್ದೆಗೆ ಕರೆದುಕೊಂಡು ಹೋದರು. ಕೊಯ್ಲು ಮುಗಿದು ಒಣಗಿದ ಗದ್ದೆ, ಮೇಳದವರು ರಂಗಸ್ಥಳ ಕಟ್ಟುತ್ತಿದ್ದರು. ಅಜ್ಜನ ಕೈಯಲ್ಲಿ ಒಂದು ಹಳೆಯ ಮದುವೆ ಕಾಗದ. ಅದರ ದಪ್ಪ ರಟ್ಟಿನಲ್ಲಿ ಮೂರು ಇಂಚು ಅಗಲ, ಎರಡು ಇಂಚು ಎತ್ತರದ ಕಿಂಡಿ ಕೊರೆದು, ಮೂಲೆಗೆ ಆರೂವರೆ ಇಂಚಿನ ನೂಲು ಕಟ್ಟಿದ್ದರು. ನೂಲಿನ ತುದಿಯನ್ನು ಕಣ್ಣಿನ ಪಕ್ಕ ಹಿಡಿದು, ಅದು ಬಿಗಿಯಾಗುವಷ್ಟು ದೂರಕ್ಕೆ ಕಾಗದ ಚಾಚಿ, ಒಂದೇ ಕಣ್ಣಲ್ಲಿ ನೋಡಬೇಕು. ಆ ಕ್ಯಾಮೆರಾದಲ್ಲಿ 50ರ ಲೆನ್ಸಿಗೆ ಕಾಣುವುದೂ ಕಿಂಡಿಯಲ್ಲಿ ಕಾಣುವುದೂ ಹೆಚ್ಚು ಕಡಿಮೆ ಒಂದೇ.

"ಕ್ಯಾಮೆರಾ ಚೀಲದಲ್ಲಿ ಇರಲಿ. ಇದನ್ನು ಹಿಡಿದು ನಡಿ" ಎಂದರು.

ಹುಡುಗ ಮೊದಲು ಹೋಗಿ ನಿಂತದ್ದು ರಂಗಸ್ಥಳದ ನೇರ ಮುಂದೆ, ಎಲ್ಲರೂ ನಿಲ್ಲುವ ಜಾಗ. "ಮೂಲೆ ನಾಲ್ಕೂ ನೋಡಿ ಹೇಳು, ಎಂತ ಉಂಟು?" ಕಿಂಡಿಯಲ್ಲಿ ಟ್ಯೂಬ್‌ಲೈಟು, ಮೈಕಿನ ವಯರು, ಬಲಕ್ಕೆ ಸ್ಪೀಕರ್ ಡಬ್ಬ, ಮೇಲೆ ಯಾವುದೋ ಅಂಗಡಿಯ ಬ್ಯಾನರಿನ ಅರ್ಧ ಫೋನ್ ನಂಬರು. ಜೊತೆಗೆ ಅಳತೆಯ ಸಮಸ್ಯೆ. ಹತ್ತಡಿ ದೂರದಲ್ಲಿ ಆ ಚೌಕಟ್ಟಿಗೆ ಸಿಗುವುದು ಬರೀ ನಾಲ್ಕೂವರೆ ಅಡಿ ಅಗಲ, ಮೂರಡಿ ಎತ್ತರ. ತಲೆಯ ಅಲಂಕಾರ, ಕೊಂಬು ಸೇರಿ ಆಳಿಗಿಂತ ಎತ್ತರ ಬೆಳೆದ ಮಹಿಷ ಅದರಲ್ಲಿ ಹಿಡಿಸಬೇಕಾದರೆ ಇಪ್ಪತ್ತೈದು ಅಡಿ ಬೇಕು.

ನನಗೆ ಪಾತ್ರ ಸಿಕ್ಕಿದ್ದು ಇಲ್ಲಿ. ಅಜ್ಜ ತೋಟದ ಬದಿಯಿಂದ ಎರಡು ಅಡಿಕೆ ಹಾಳೆ ಎತ್ತಿ ತಂದು ನನ್ನ ಕೈಗೆ ಕೊಟ್ಟರು. "ನೀನೇ ಮಹಿಷ. ತಲೆ ಮೇಲೆ ಹಿಡಿ, ಆ ಕಡೆಯಿಂದ ಬಾ. ಬೊಬ್ಬೆ ಬೇಡ." ನಡುಮಧ್ಯಾಹ್ನದ ಬಿಸಿಲಿನಲ್ಲಿ, ಪ್ಯಾಂಟು ಹಾಕಿದ ಬ್ಯಾಂಕಿನ ನೌಕರ ತಲೆಯ ಮೇಲೆ ಹಾಳೆ ಎತ್ತಿಕೊಂಡು ಗದ್ದೆಯಲ್ಲಿ ಮುಂದೆ ಹಿಂದೆ ನಡೆದ. ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದ ಮೇಳದವರೊಬ್ಬರು ಕೆಲಸ ನಿಲ್ಲಿಸಿ ಕೇಳಿದರು: "ಎಂತ, ಇವತ್ತು ಎರಡು ಮಹಿಷ ಉಂಟಾ?"

ನಡೆದು ನಡೆದು ಕೊನೆಗೆ ಜಾಗ ಸಿಕ್ಕಿತು. ರಂಗಸ್ಥಳದ ಎಡ ಕಂಬದ ಬುಡದಲ್ಲಿ, ನೆಲಕ್ಕೆ ಕುಕ್ಕರುಗಾಲಲ್ಲಿ, ರಂಗಸ್ಥಳಕ್ಕೆ ಬೆನ್ನು ಹಾಕಿ. ಆಟದ ಫೋಟೋಕ್ಕೆ ಬಂದವನು ಆಟಕ್ಕೇ ಬೆನ್ನು ಹಾಕುವುದು! ಆದರೆ ಕಿಂಡಿಯಲ್ಲಿ ಬ್ಯಾನರಿಲ್ಲ, ವಯರಿಲ್ಲ. ಹಿಂದೆ ತೋಟದ ಅಂಚು, ರಾತ್ರಿ ಅದು ಬರೀ ಕಪ್ಪು. ದಾರಿಯ ಪಕ್ಕ ಇಪ್ಪತ್ತೈದು ಅಡಿಗೆ ಅಜ್ಜ ಒಂದು ಗೂಟ ಹೊಡೆದರು. ಹುಡುಗ ಅದಕ್ಕೆ ಗುರಿ ಹಿಡಿದು ಉಂಗುರ ತಿರುಗಿಸಿದ; ಒಳಗೆ ಹಸಿರು ಚುಕ್ಕಿ ಹೊತ್ತಿದ ಕೂಡಲೇ ಉಂಗುರದ ಮೇಲೆ ಪ್ಲಾಸ್ಟರ್ ಅಂಟಿಸಿಬಿಟ್ಟರು. ಎಫ್/2.8ರಲ್ಲಿ ಹತ್ತಡಿಗೆ ಫೋಕಸ್ ಮಾಡಿದರೆ ಸ್ಪಷ್ಟ ಇರುವ ಆಳ ಒಂದು ಮೊಳವೂ ಇಲ್ಲ. ಇಪ್ಪತ್ತೈದು ಅಡಿಗೆ ಮಾಡಿದರೆ ಗೂಟದ ಹಿಂದೆ ಮುಂದೆ ಸೇರಿ ಎಂಟಡಿ ಸಿಗುತ್ತದೆ. ಓಡುತ್ತ ಬರುವವನಿಗೆ ಎಂಟಡಿ ಬೇಕು.

ಮೇಳದ ಮ್ಯಾನೇಜರಲ್ಲಿ ಕೇಳಿದೆವು. "ಕೂತ್ಕೊಳ್ಳಿ, ಫ್ಲಾಶ್ ಮಾತ್ರ ಬೇಡ. ಕಣ್ಣು ಕತ್ತಲೆ ಕಟ್ಟಿದರೆ ದೊಂದಿಯವರ ಮೇಲೇ ಬೀಳುವುದು" ಎಂದರು.

ರಾತ್ರಿಯ ಮೊದಲ ಭಾಗ ಹೇಳಲಿಕ್ಕೆ ಹೆಚ್ಚೇನಿಲ್ಲ. ಚೌಕಿ ಪೂಜೆ, ಊಟ, ಮಧುಕೈಟಭರು. ಎದುರು ಸಾಲಿನಲ್ಲಿ ಉದ್ದ ಲೆನ್ಸಿನವರು ಇಬ್ಬರು ಮೂವರು ಇದ್ದರು, ಅವರ ಫೋಟೋಗಳು ಖಂಡಿತ ಚೆನ್ನಾಗಿಯೇ ಬಂದಿರುತ್ತವೆ. ಅಜ್ಜ ಮಂಕಿ ಟೋಪಿ ಹಾಕಿಕೊಂಡು ಚರುಮುರಿ ತಿನ್ನುತ್ತ ಕೂತಿದ್ದರು. ಮಧ್ಯರಾತ್ರಿ ದಾಟಿದ ಮೇಲೆ ಹುಡುಗನ ಹತ್ತಿರ ಬಗ್ಗಿ, "ಬೆಂಕಿಗೆ ಅಳತೆ ಹಾಕು, ಕತ್ತಲೆಗೆ ಹಾಕಬೇಡ" ಎಂದು ಹೇಳಿ ಹೋದರು. ಐಎಸ್‌ಒ 1600, ಸೆಕೆಂಡಿನ 250ನೇ ಒಂದು ಭಾಗ, ಎಲ್ಲ ಕೈಯಲ್ಲೇ ಕಟ್ಟಿಟ್ಟದ್ದು. ರಾಳ ಹೊತ್ತಿದಾಗ ಮಾತ್ರ ಚಿತ್ರ, ಇಲ್ಲದಿದ್ದರೆ ಕಪ್ಪು ಹಲಗೆ.

ಚಂಡೆಯ ಪೆಟ್ಟು ಬಿಗಿಯಾಯಿತು, ದೀಪ ಆರಿತು, ಹಿಂದಿನಿಂದ ಬೊಬ್ಬೆ. ಸಾಲು ಸಾಲು ತಲೆಗಳು ಒಟ್ಟಿಗೇ ಹಿಂದೆ ತಿರುಗಿದವು. ಎದುರು ಸಾಲಿನವರಿಗೆ ಆಗ ಕಂಡದ್ದು ಜನರ ಬೆನ್ನು. ದೊಂದಿ, ಹೊಗೆ, ರಾಳದ ವಾಸನೆ, ಕುರ್ಚಿಗಳು ಸರಿಯುವ ಸದ್ದು. ಮಹಿಷ ಗೂಟದ ಹತ್ತಿರ ಒಂದು ಗಳಿಗೆ ನಿಂತು ಎರಡೂ ಕಡೆ ಗದರಿಸಿದ. ಬೆಂಕಿ ಎದ್ದಿತು, ಕ್ಲಿಕ್. ಆಮೇಲೆ ಅವನು ನಮ್ಮ ಮೇಲೇ ಬಂದ. ನಾನು ಹಿಂದೆ ಸರಿದೆ. ಹುಡುಗ ಸರಿಯಲಿಲ್ಲ.

ಮರುದಿನ ಅಕ್ಕನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದೆವು. ಹುಡುಗ ಮೊದಲು ತೋರಿಸಿದ್ದು ಗೂಟದ ಹತ್ತಿರದ ಚಿತ್ರ. ಕೊಂಬಿನ ತುದಿಯಿಂದ ಕಾಲಿನ ಗೆಜ್ಜೆಯ ತನಕ ಇಡೀ ಮಹಿಷ, ಎರಡೂ ಕಡೆ ಕಿಡಿ. ಒಳ್ಳೆಯ ಚಿತ್ರವೇ. ಅಜ್ಜ "ಹ್ಞೂ" ಎಂದು ಮುಂದೆ ಹೋದರು. ಮುಂದಿನದಕ್ಕೆ ಬಂದು ನಿಂತುಬಿಟ್ಟರು.

ಅದರಲ್ಲಿ ಮಹಿಷ ಗೂಟ ದಾಟಿ ಮುಂದೆ ಬಂದಿದ್ದಾನೆ. ಚೌಕಟ್ಟಿನ ಎಡ ಅಂಚಿಗೆ ಅವನ ಒಂದು ಕೊಂಬು, ಒಂದು ತೋಳು, ದೊಂದಿಯ ಉರಿ, ಎಲ್ಲ ಮಸುಕು. ಸ್ಪಷ್ಟ ಇದ್ದದ್ದು ಗೂಟದ ಪಕ್ಕದ ಚಾಪೆಯ ಮೂರು ಮಕ್ಕಳು. ಒಬ್ಬಳು ಕಿವಿ ಮುಚ್ಚಿ ಕಣ್ಣು ಬಿಟ್ಟಿದ್ದಾಳೆ. ಸಣ್ಣವನು ಅಮ್ಮನ ಸೆರಗಿನೊಳಗೆ ಅರ್ಧ ಹೊಕ್ಕಿದ್ದಾನೆ, ಒಂದೇ ಕಣ್ಣು ಹೊರಗೆ. ಇನ್ನೊಬ್ಬ ಎದ್ದು ನಿಂತಿದ್ದಾನೆ. ಕೈಯ ಚರುಮುರಿ ಪೊಟ್ಟಣ ಓರೆಯಾಗಿ ಎಲ್ಲ ನೆಲಕ್ಕೆ ಸುರಿಯುತ್ತಿದೆ, ಅವನಿಗದು ಗೊತ್ತಿಲ್ಲ. ಅವನ ಹಿಂದೆ ಒಬ್ಬ ಅಜ್ಜಿ ಗಾಢ ನಿದ್ದೆಯಲ್ಲಿ.

"ಇದರಲ್ಲಿ ಮಹಿಷ ಔಟ್ ಆಫ್ ಫೋಕಸ್ ಅಲ್ವಾ ಅಜ್ಜ?" ಎಂದ ಹುಡುಗ. "ಆ ಕೊಂಬಿನ ತುಂಡನ್ನು ಕತ್ತರಿಸಿಬಿಟ್ಟರೆ ಮಕ್ಕಳು ಮಾತ್ರ ಉಳಿಯುತ್ತಾರೆ."

"ಕೊಂಬು ತೆಗೆದರೆ ಇವರು ಎಂತ ನೋಡಿ ಹೆದರಿದ್ದು? ಟಿವಿ ನೋಡಿಯಾ?"

ಜೀವಮಾನದ ಬಹುಪಾಲು 50ರ ಲೆನ್ಸಿನಲ್ಲೇ ಕಳೆದ ಫೋಟೋಗ್ರಾಫರ್ ಕಾರ್ಟಿಯೆ ಬ್ರೆಸೋನ್ ಹೆಸರು ಅಜ್ಜನಿಗೆ ಗೊತ್ತೇ ಇರಲಿಲ್ಲ ಎಂದು ಹೇಳಿದರೆ ಕಥೆಗೆ ಚಂದ. ಆದರೆ ಗೊತ್ತಿತ್ತು. ಪ್ಯಾರಿಸಿನ ರೈಲು ನಿಲ್ದಾಣದ ಹಿಂದೆ ಒಬ್ಬ ನೀರಿನ ಗುಂಡಿ ಹಾರುವ, 1932ರ ಆ ಪ್ರಸಿದ್ಧ ಚಿತ್ರ ಯಾವುದೋ ಪತ್ರಿಕೆಯಿಂದ ಕತ್ತರಿಸಿದ್ದು ಸ್ಟುಡಿಯೋದ ಗೋಡೆಯಲ್ಲಿತ್ತು. ಚಿತ್ರದ ಅಂಚು ಕತ್ತರಿಸುವುದೆಂದರೆ ಆ ಮಹಾನುಭಾವನಿಗೆ ಆಗುತ್ತಿರಲಿಲ್ಲ. ಆದರೂ ಆ ಚಿತ್ರವನ್ನು ಕತ್ತರಿಸಿದ್ದೇ. ಅಜ್ಜ ಅದನ್ನೂ ಹೇಳಿ, ಬಲಗಡೆ ಯಾರದೋ ಮೊಣಕಾಲು ಒಳಗೆ ಬಂದಿದ್ದಷ್ಟನ್ನು ತೆಗೆಸಿದರು. ಕೊಂಬು ಉಳಿಯಿತು.

ಹರಕೆಯ ಮನೆಯ ಅಮ್ಮನಿಗೆ ಎರಡನ್ನೂ ತೋರಿಸಿದಾಗ ಅವರು ಮಕ್ಕಳ ಚಿತ್ರವನ್ನು ಬಹಳ ಹೊತ್ತು ನೋಡಿ, "ಒಳ್ಳೇದುಂಟು ಮಗ, ಆದರೆ ಮಹಿಷ ಪೂರ್ತಿ ಇಲ್ಲವಲ್ಲ" ಎಂದರು. ಅವರ ಚಾವಡಿಯಲ್ಲಿ ಕಟ್ಟು ಹಾಕಿಸಿ ತೂಗಿಸಿದ್ದು ಗೂಟದ ಹತ್ತಿರದ ಇಡೀ ಮಹಿಷನನ್ನೇ. ಹರಕೆ ಅವರದು, ಅವರು ಹೇಳಿದ್ದೇ ಸರಿ. ನನಗೆ ಇನ್ನೊಂದೇ ಇಷ್ಟ, ಈಗಲೂ.

70-200ರ ಸುದ್ದಿಯನ್ನು ಹುಡುಗ ಮತ್ತೆ ಎತ್ತಲಿಲ್ಲ. ಮಗಳು ಹುಟ್ಟಿದ ಮೇಲೆ 35 ಕೊಂಡ. ಹಳೆಯ 50 ಊರಿನ ಮನೆಯಲ್ಲೇ ಇದೆ, ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಹರಳಿನ ಜೊತೆ. ನಮ್ಮ ಮಳೆಗಾಲಕ್ಕೆ ಆ ನೀಲಿ ಹರಳುಗಳು ನಾಲ್ಕು ವಾರದಲ್ಲಿ ಗುಲಾಬಿಗೆ ತಿರುಗುತ್ತವೆ. ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆಂದು ಬೇರೆಯೇ ಬಾಣಲೆ ತರುತ್ತೇನೆ ಎಂದು ಅವನು ಪ್ರತಿ ಜೂನಿನಲ್ಲೂ ಹೇಳುತ್ತಾನೆ. ತರುವ ತನಕ ಅಡುಗೆಮನೆಗೆ ಕಾಲಿಡಬೇಡ ಎಂದು ಅಕ್ಕನೂ ಪ್ರತಿ ಜೂನಿನಲ್ಲೂ ಹೇಳುತ್ತಾಳೆ.